ತರಗಿನೊಳಗಿನ ಪತಂಗ

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನ ನಮ್ಮ ಮನೆ ಹಿತ್ತಲಲ್ಲಿ ಒಂದು ಕ್ಯಾಬೇಜ್ ಟ್ರೀ ಇದೆ. ಎಲೆಕೋಸಿಗೂ ಇದಕ್ಕೂ ನಂಟಿಲ್ಲ. ಹಿಂದೆ ನ್ಯೂಜಿಲೆಂಡಿಗೆ ಬಂದ ಯುರೋಪಿನವರು ಇದರ ಎಳೆ ಸುಳಿಯನ್ನು ಕೋಸಿನ ಬದಲು ತಿನ್ನುತ್ತಿದ್ದರಂತೆ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಕರೆಯುವುದು ಟೀ ಕೌಕಾ ಅಂತ. ಕತ್ತಿಯಂಥ ಉದ್ದನೆಯ ಎಲೆ. ಒಣಗಿದ ಮೇಲೂ ಬೇಗ ಉದುರುವುದಿಲ್ಲ, ಬಾಳೆಯ ತರಗಿನ ಹಾಗೆ ಕಾಂಡಕ್ಕೆ ಜೋತುಬಿದ್ದಿರುತ್ತದೆ. ಉದುರಿದ್ದು ಹುಲ್ಲು ಕತ್ತರಿಸುವ ಮಷಿನ್ನಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಪ್ರತಿ ವರ್ಷ ತರಗನ್ನೆಲ್ಲ ಎಳೆದು ಬಿಸಾಕುತ್ತಿದ್ದೆ.

ಒಮ್ಮೆ ಹಸಿರೆಲೆಗಳಲ್ಲಿ ತುಂಬಾ ತೂತು, ಅಂಚಿನಲ್ಲಿ ಕಚ್ಚು ಕಂಡವು. ಔಷಧಿ ಹೊಡೆಯುವ ಮುಂಚೆ ಯಾರ ಕೆಲಸ ಅಂತ ಓದಿ ನೋಡಿದೆ. ಎಪಿಫ್ರೈನೆ ವೆರಿಕ್ಯುಲಾಟ ಅನ್ನುವ ಪತಂಗದ ಮರಿಹುಳುಗಳು. ಈ ಪತಂಗ ನ್ಯೂಜಿಲೆಂಡಿನದು ಮಾತ್ರ. ಹುಳುಗಳು ಸುಳಿಯ ಎಳೆ ಎಲೆಗಳ ನಡುವೆ ಅಡಗಿರುತ್ತವೆ. ಎಲೆ ಬೆಳೆದು ಬಿಚ್ಚಿಕೊಂಡಾಗ ಹಳೆಯ ತೂತು ನಮ್ಮ ಕಣ್ಣಿಗೆ ಬೀಳುತ್ತದೆ. ಮರಕ್ಕೆ ಹಾನಿಯಾದಂತೆ ಕಂಡರೂ ಅದು ಸಾಯುವುದಿಲ್ಲ. ಔಷಧಿ ಡಬ್ಬವನ್ನು ಒಳಗಿಟ್ಟೆ.

ಪತಂಗ ನೋಡಲೇಬೇಕು ಅನ್ನಿಸಿತು. ನಾಲ್ಕು ರಾತ್ರಿ ದೀಪ ಹಚ್ಚಿಟ್ಟು ಕಾದೆ, ಬರಲಿಲ್ಲ. ಆಮೇಲೆ ಹಗಲಲ್ಲಿ ತರಗಿನ ಹತ್ತಿರ ನಿಂತು, ಒಂದೊಂದೇ ಎಲೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತುತ್ತಾ ಹೋದೆ. ಜೋರಾಗಿ ಎಳೆದರೆ ಹಾರಿಹೋಗುತ್ತದೆ, ಹಾಗಾಗಿ ಅವಸರ ಕೂಡದು. ಮೂರನೇ ದಿನ ಸಿಕ್ಕಿತು! ಒಣಹುಲ್ಲಿನ ಬಣ್ಣ, ರೆಕ್ಕೆ ತುಂಬಾ ಸಾಲು ಸಾಲು ಕಂದು ಗೆರೆ. ಒಣಗಿದ ಎಲೆಯಲ್ಲೂ ನರಗಳು ಹಾಗೇ ಸಾಲಾಗಿ ಓಡುತ್ತವೆ, ಅಲ್ವಾ? ತನ್ನ ಗೆರೆ ಎಲೆಯ ನರಕ್ಕೆ ಸರಿಯಾಗಿ ಕೂಡುವಂತೆ ಅದು ತಿರುಗಿ ಕೂತಿತ್ತು. ಒಂದು ಕ್ಷಣ ಕಣ್ಣು ತೆಗೆದರೂ ಸಾಕು, ಮತ್ತೆ ಹುಡುಕಬೇಕು. ಎಷ್ಟು ಹೊತ್ತು ನಿಂತಿದ್ದೆನೋ, ಮೈ ಜುಮ್ಮೆಂದಿತ್ತು.

ಫೋಟೋಕ್ಕೆ ಫ್ಲ್ಯಾಶ್ ಹಾಕಬೇಡಿ. ನನ್ನ ಮೊದಲ ಫೋಟೋಗಳಲ್ಲಿ ಎಲೆ ಮಾತ್ರ ಇದೆ. ಪಕ್ಕದಿಂದ ಸಣ್ಣ ಟಾರ್ಚ್ ಹಿಡಿದರೆ ರೆಕ್ಕೆಯ ಅಂಚಿಗೆ ತೆಳು ನೆರಳು ಬೀಳುತ್ತದೆ, ಆಗ ಆಕಾರ ಕಾಣುತ್ತದೆ.

ಎಷ್ಟು ವರ್ಷ ಅದರ ಮನೆಯನ್ನು ಕಿತ್ತು ಹಾಕಿದ್ದೆನೋ ಅಂತ ಈಗಲೂ ಬೇಜಾರಾಗುತ್ತದೆ. ಈಗ ಜೋತುಬಿದ್ದ ತರಗನ್ನು ಮುಟ್ಟುವುದಿಲ್ಲ. ತಾನಾಗಿ ಉದುರಿದ್ದನ್ನು ಮಾತ್ರ ಆರಿಸಿ, ಒಂದೊಂದಾಗಿ ಕೊಡವಿ, ಕಟ್ಟು ಕಟ್ಟಿ ಒಲೆ ಹೊತ್ತಿಸಲು ಇಡುತ್ತೇನೆ.