ಕಂಪನಿ ಜೊತೆ ಕೇಸ್ ನಡೀತಿರುವಾಗಲೇ ಬೇರೆ ಕೆಲಸ ಹುಡುಕೋದು ಹೇಗೆ

ಕೇಸ್ ಹಾಕಿದೀನಿ, ಇನ್ನೂ ಅಲ್ಲೇ ಕೆಲಸದಲ್ಲೂ ಇದೀನಿ, ಈಗ ಬೇರೆ ಕಡೆ ಅಪ್ಲೈ ಮಾಡಿದ್ರೆ ಕೇಸ್ ಬಿದ್ದೋಗುತ್ತೇನೋ ಅಂತ ಕೈಕಟ್ಟಿ ಕೂತಿರೋರು ತುಂಬಾ ಜನ. ಅಪ್ಲೈ ಮಾಡಿದ ಮಾತ್ರಕ್ಕೆ ಏನೂ ಬೀಳಲ್ಲ. ನಾಳೆ ಕೆಲಸ ಹೋಗಿ ಪರಿಹಾರ ಕೇಳೋ ಹಂತ ಬಂದ್ರೆ ಎಷ್ಟೋ ದೇಶಗಳ ಕೋರ್ಟಲ್ಲಿ, ನಿನ್ನ ನಷ್ಟ ಕಮ್ಮಿ ಮಾಡ್ಕೊಳ್ಳೋಕೆ ನೀನೇನು ಮಾಡ್ದೆ ಅಂತ ಕೇಳೇ ಕೇಳ್ತಾರೆ. ಅದಕ್ಕೆ ಮೊದಲ ದಿನದಿಂದಲೇ ಒಂದು ಪಟ್ಟಿ ಇಡಿ: ಯಾವತ್ತು, ಯಾವ ಕಂಪನಿ, ಯಾವ ಪೋಸ್ಟ್, ಏನು ಉತ್ತರ ಬಂತು. ರಿಜೆಕ್ಷನ್ ಮೇಲ್ ಬಂದ್ರೆ ಬೇಜಾರಲ್ಲಿ ಡಿಲೀಟ್ ಮಾಡ್ಬೇಡಿ, ಅದೂ ಒಂದು ಸಾಕ್ಷಿ.

ಆದ್ರೆ ಇದೇ ಮೇಲುಗಳನ್ನ ಎದುರು ಪಾರ್ಟಿ ಲಾಯರ್ ಕೂಡ ಓದೋ ದಿನ ಬರಬಹುದು ಅಂತ ತಲೇಲಿರ್ಲಿ. ಕೇಸಲ್ಲಿ ಟೆನ್ಷನ್‌ನಿಂದ ಕೆಲಸ ಮಾಡೋಕೇ ಆಗ್ತಿಲ್ಲ ಅಂತ ಬರೆದು, ಅದೇ ವಾರ ರಿಕ್ರೂಟರ್‌ಗೆ "ನಾನು ಫುಲ್ ಫಿಟ್, ನಾಳೆನೇ ಬೇಕಾದ್ರೂ ಜಾಯಿನ್ ಆಗ್ತೀನಿ" ಅಂತ ಮೆಸೇಜ್ ಹಾಕಿದ್ರೆ ಮುಗೀತು ಕತೆ. ಸಿಕ್ ಲೀವ್ ಹಾಕಿ ಇಂಟರ್‌ವ್ಯೂಗೆ ಹೋಗೋದೂ ಅಷ್ಟೇ ಅಪಾಯ, ನಿಮ್ಮ ಲೆಕ್ಕದಲ್ಲಿರೋ ಮಾಮೂಲಿ ರಜೆ ಹಾಕಿ.

ಕೆಲಸ ಹುಡುಕೋಕೆ ಆಫೀಸ್ ಲ್ಯಾಪ್‌ಟಾಪ್, ಆಫೀಸ್ ಮೇಲ್, ಆಫೀಸ್ ವೈಫೈ, ಪ್ರಿಂಟರ್ ಯಾವುದೂ ಮುಟ್ಟಬೇಡಿ, ರೆಸ್ಯೂಮೆ ಒಂದು ಕಾಪಿ ತೆಗೆಯೋಕೂ ಬೇಡ. ಸಾಕ್ಷಿ ಅಂತ ಕಂಪನಿ ಫೈಲುಗಳನ್ನ ರಾತ್ರೋರಾತ್ರಿ ಸ್ವಂತ ಮೇಲ್‌ಗೆ ಕಳಿಸ್ಕೊಳ್ಳೋರು ಇದಾರಲ್ಲ, ಅವರ ಮೇಲೇ ಗೌಪ್ಯತೆ ಮುರಿದ್ರು ಅಂತ ಉಲ್ಟಾ ಕೇಸ್ ಬೀಳಬಹುದು, ಏನು ಇಟ್ಕೋಬಹುದು ಅಂತ ಮೊದಲು ಲಾಯರ್ ಹತ್ರ ಕೇಳಿ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕ್ತಿದೀನಿ ಅನ್ನೋದನ್ನ ರಿಕ್ರೂಟರ್‌ಗಳಿಗೆ ಮಾತ್ರ ಕಾಣೋ ಹಾಗೆ ಇಡಬಹುದು, ಆದ್ರೂ ನಿಮ್ಮ ಕಂಪನಿಯವರಿಗೆ ಗೊತ್ತಾಗಲ್ಲ ಅಂತ ಲಿಂಕ್ಡ್‌ಇನ್‌ನವರೇ ಗ್ಯಾರಂಟಿ ಕೊಡಲ್ಲ.

ಇನ್ನು ರಾಜೀನಾಮೆ. ಸಿಟ್ಟು ಬಂತು ಅಂತ ಎರಡು ಸಾಲು ಬರೆದು ಬಿಸಾಕಿ ಬರಬೇಡಿ, ಯಾಕಂದ್ರೆ ನೀವಾಗೇ ಬಿಟ್ರಾ ಇಲ್ಲಾ ಬಿಡೋ ಹಾಗೆ ಅವರು ಮಾಡಿದ್ರಾ ಅನ್ನೋದರ ಮೇಲೆನೇ ಎಷ್ಟೋ ಕೇಸ್ ನಿಂತಿರುತ್ತೆ, ಆ ಲೆಟರ್‌ನಲ್ಲಿ ಏನು ಕಾರಣ ಬರೆದ್ರಿ ಅನ್ನೋದನ್ನ ಆಮೇಲೆ ಪದ ಪದ ಹಿಡಿದು ಕೇಳ್ತಾರೆ. ಹಾಗಂತ ತಿಂಗಳುಗಟ್ಟಲೆ ಸುಮ್ಮನೆ ಕೂತ್ರೆ, ಕಂಪನಿ ಮಾಡಿದ್ದನ್ನೆಲ್ಲಾ ಇವರು ಒಪ್ಕೊಂಡಿದ್ರು ಅನ್ನೋ ವಾದಾನೂ ಬರಬಹುದು. ಲೆಟರ್ ಕಳಿಸೋ ಮುಂಚೆ ಲಾಯರ್‌ಗೆ ತೋರಿಸಿ. ನೋಟಿಸ್ ಪೀರಿಯಡ್ ಎಷ್ಟು, ಪ್ರತಿಸ್ಪರ್ಧಿ ಕಂಪನಿಗೆ ಹೋಗಬಾರದು ಅಂತ ಏನಾದ್ರೂ ಕರಾರು ಇದೆಯಾ ಅದನ್ನೂ ಆಗಲೇ ಓದಿಸಿ.

ಇಂಟರ್‌ವ್ಯೂನಲ್ಲಿ ಯಾಕೆ ಬಿಡ್ತಿದೀರಾ ಅಂದಾಗ ಬಾಸ್ ಪುರಾಣ ಶುರು ಮಾಡ್ಬೇಡಿ, ಮುಂದೆ ಯಾವ ಥರದ ಕೆಲಸ ಬೇಕು ಅಷ್ಟು ಹೇಳಿ. ಅವರಾಗೇ ಕೇಳದಿದ್ರೆ ಕೇಸ್ ವಿಷಯ ನೀವು ಎತ್ತಬೇಕಾಗಿಲ್ಲ ಅಂತ ನನ್ನ ಲೆಕ್ಕ. ನೇರವಾಗಿ ಕೇಳಿದ್ರೆ, ಫಾರ್ಮ್‌ನಲ್ಲಿ ಆ ಪ್ರಶ್ನೆ ಇದ್ರೆ, ಸುಳ್ಳು ಮಾತ್ರ ಬೇಡ, ಆಮೇಲೆ ಗೊತ್ತಾದ್ರೆ ಸಿಕ್ಕಿದ ಕೆಲಸಾನೂ ಹೋಗಬಹುದು. "ಒಂದು ವಿಷಯ ಕಾನೂನು ಪ್ರಕಾರ ನಡೀತಿದೆ, ಅದರ ಬಗ್ಗೆ ಜಾಸ್ತಿ ಮಾತಾಡೋ ಹಾಗಿಲ್ಲ, ನನ್ನ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ" ಅಂದ್ರೆ ಸಾಕು. ಇದನ್ನ ಮನೇಲಿ ನಾಲ್ಕು ಸಲ ಜೋರಾಗಿ ಹೇಳಿ ನೋಡಿ, ಮೊದಲನೇ ಸಲ ಧ್ವನಿ ನಡುಗುತ್ತೆ.

ರೆಫರೆನ್ಸ್‌ಗೆ ಅದೇ ಕಂಪನಿ ಬಿಟ್ಟು ಹೋಗಿರೋ ಹಳೇ ಮ್ಯಾನೇಜರ್ ಅಥವಾ ಹಿಂದಿನ ಕೆಲಸದವರನ್ನ ಕೇಳಿ, ಈಗಿನ ಕಂಪನಿಗೆ ಆಫರ್ ಬರೋವರೆಗೂ ಫೋನ್ ಮಾಡ್ಬೇಡಿ ಅನ್ನೋದು ಮಾಮೂಲಿ ವಿನಂತಿ, ಯಾರೂ ಅನುಮಾನ ಪಡಲ್ಲ. ರಾಜಿ ಮಾತುಕತೆ ನಡೀತಿದ್ರೆ, ಕೇಳಿದವರಿಗೆ ಕಂಪನಿ ಏನು ಹೇಳಬೇಕು ಅನ್ನೋ ಸಾಲುಗಳನ್ನ ಒಪ್ಪಂದದಲ್ಲೇ ಬರೆಸ್ಕೊಳ್ಳಿ. ದುಡ್ಡಿನ ಜಗಳದಲ್ಲಿ ಇದನ್ನ ಮರೆತುಬಿಡೋರೇ ಜಾಸ್ತಿ.

ಆಫರ್ ಕೈಗೆ ಬಂದ ದಿನವೇ ಲಾಯರ್‌ಗೆ ಹೇಳಿ. ಕೆಲವು ರಾಜಿ ಪತ್ರಗಳಲ್ಲಿ "ನನಗೆ ಬೇರೆ ಕೆಲಸ ಸಿಕ್ಕಿಲ್ಲ" ಅಂತ ಒಂದು ಸಾಲು ಇರುತ್ತೆ, ಆಫರ್ ಬಚ್ಚಿಟ್ಟು ಅದಕ್ಕೆ ಸೈನ್ ಹಾಕಿದ್ರೆ ಬಂದ ದುಡ್ಡೂ ವಾಪಸ್ ಕೊಡಬೇಕಾಗಬಹುದು. ಜಾಯಿನಿಂಗ್ ಡೇಟ್ ಮಾತಾಡುವಾಗ ಕೇಸಿನ ಡೇಟುಗಳನ್ನ ಪಕ್ಕದಲ್ಲಿಟ್ಕೊಂಡು, ಆ ದಿನಗಳಿಗೆ ರಜೆ ಮೊದಲೇ ಕೇಳ್ಕೊಂಡುಬಿಡಿ.