ಬಿಸಿಯಾದಾಗ ಮಾತ್ರ ಕೈಕೊಡುತ್ತಿದ್ದ ಡೀಸೆಲ್ ಕಾರು: ಕೊನೆಗೆ ಸಿಕ್ಕಿದ್ದು ಅರ್ತ್ ಸ್ಟ್ರಾಪ್

2009ರ ಡೀಸೆಲ್ ಕಾರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಆಫ್ ಮಾಡಿದರೆ ಮತ್ತೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) 'ಟಕ್' ಅನ್ನುತ್ತಿತ್ತು, ಅಷ್ಟೇ. ಬೆಳಗ್ಗೆ ತಣ್ಣಗಿದ್ದಾಗ ಎಲ್ಲ ಸರಿ.

ಬ್ಯಾಟರಿ, ರಿಲೇ ಬದಲಾಯಿಸಿದೆ. ಆಲ್ಟರ್ನೇಟರ್ ಬಿಚ್ಚಿಸಿದೆ. ಸುಮ್ನೆ ದಂಡ.

ಆಮೇಲೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟೆ. ಕೆಂಪು ಪ್ರೋಬ್ ಎಂಜಿನ್ ಬ್ಲಾಕ್‌ನ ಬಣ್ಣವಿಲ್ಲದ ಲೋಹಕ್ಕೆ, ಕಪ್ಪು ಬ್ಯಾಟರಿಯ ನೆಗೆಟಿವ್ ಪೋಸ್ಟ್‌ಗೆ. ಕ್ಲ್ಯಾಂಪ್‌ಗಲ್ಲ, ಪೋಸ್ಟ್‌ಗೇ. ಎಂಜಿನ್ ಬಿಸಿ ಇರುವಾಗಲೇ ಇನ್ನೊಬ್ಬರು ಸೆಲ್ಫ್ ಹೊಡೆಯಬೇಕು. 0.5 ವೋಲ್ಟ್ ಒಳಗಿರಬೇಕಾದದ್ದು 2.1 ತೋರಿಸಿತು! ಅಂದರೆ ಎಂಜಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ವಾಪಸಾಗುವ ದಾರಿಯಲ್ಲೇ ತಡೆ. ಗೇರ್‌ಬಾಕ್ಸ್ ಹತ್ತಿರದ ಅರ್ತ್ ಸ್ಟ್ರಾಪ್ (ಆ ದಾರಿಯಲ್ಲಿರುವ ದಪ್ಪ ತಂತಿಪಟ್ಟಿ) ನೋಡೋಕೆ ಚೆನ್ನಾಗೇ ಇತ್ತು. ಆದರೆ ಲಗ್ (ಬೋಲ್ಟ್ ಹಾಕುವ ತುದಿಯ ಲೋಹದ ತುಂಡು) ಒಳಗೆ ತಂತಿ ಎಳೆಗಳೆಲ್ಲ ಹಸಿರು ಪುಡಿ.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಬೋಲ್ಟ್ ಕೂರುವ ಜಾಗವನ್ನು ಉಪ್ಪು ಕಾಗದದಲ್ಲಿ ಹೊಳೆಯುವಷ್ಟು ಉಜ್ಜಿ. ಜೆ.ಸಿ. ರಸ್ತೆಯಿಂದ ತಂದ ಹೊಸ ಸ್ಟ್ರಾಪ್ ಬಿಗಿದೆ. ಗ್ರೀಸ್ ಕೊನೆಗೆ, ಮೇಲಿಂದ ಮಾತ್ರ. ಈಗ ಮೀಟರ್‌ನಲ್ಲಿ 0.2.