ಡಿಯೋಡರೆಂಟ್ ಬಿಟ್ಟ ಮೇಲೆ ಕಂಕುಳಿನ ವಾಸನೆಗೆ ನಾನು ಕಂಡುಕೊಂಡ ದಾರಿ

ನಾನು ಡಿಯೋಡರೆಂಟ್ ಬಿಟ್ಟಿದ್ದು ಚರ್ಮದ ಕಾಟಕ್ಕೆ. ಅದರಲ್ಲಿನ ಸುಗಂಧ ನನಗೆ ಒಗ್ಗುತ್ತಿರಲಿಲ್ಲ. ಕಂಕುಳು ಕೆಂಪಾಗಿ ತುರಿಸುತ್ತಿತ್ತು. ಬೆವರು ತಡೆಯುವ ಬಗೆಯವುಗಳಲ್ಲಿರುವ ಅಲ್ಯೂಮಿನಿಯಂನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಅಂತ ಹೇಳುವವರೂ ಇದ್ದಾರೆ. ಆದರೆ ಅಧ್ಯಯನಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಾಗಾಗಿ ಯಾರನ್ನೂ ಹೆದರಿಸಿ ಬಿಡಿಸುವ ಉದ್ದೇಶ ನನಗಿಲ್ಲ. ನನ್ನ ಹಾಗೆ ಚರ್ಮ ಒಪ್ಪದವರಿಗೆ ಇದು ಉಪಯೋಗಕ್ಕೆ ಬಂದರೆ ಸಂತೋಷ.

ಆಗ ತಾನೇ ಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ನಮ್ಮ ಮೈಯಲ್ಲಿ ಮುಖ್ಯವಾಗಿ ಎರಡು ಬಗೆಯ ಬೆವರಿನ ಗ್ರಂಥಿಗಳಿವೆ. ಎಕ್ರೈನ್ ಗ್ರಂಥಿಗಳು ಮೈತುಂಬಾ ಇರುತ್ತವೆ. ಅವು ಉಪ್ಪುನೀರನ್ನು ಹೊರಹಾಕಿ ಮೈ ತಂಪು ಮಾಡುತ್ತವೆ. ಅಪೊಕ್ರೈನ್ ಗ್ರಂಥಿಗಳು ಇರುವುದು ಕಂಕುಳು, ತೊಡೆಸಂದಿಯಂಥ ಕಡೆ. ಅವು ಕೆಲಸ ಶುರು ಮಾಡುವುದು ಹರೆಯ ಬಂದ ಮೇಲೆ. ಅವುಗಳ ಬೆವರಿನಲ್ಲಿ ಕೊಬ್ಬು, ಪ್ರೋಟೀನ್ ಇರುತ್ತದೆ. ಕಂಕುಳಲ್ಲಿ ಬೀಡುಬಿಟ್ಟ ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಹೊಮಿನಿಸ್ ಥರದ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಭಯ, ಒತ್ತಡ ಆದಾಗ ಈ ಗ್ರಂಥಿಗಳು ಜಾಸ್ತಿ ಕೆಲಸ ಮಾಡುತ್ತವೆ. ಸಂದರ್ಶನದ ದಿನ ತಣ್ಣನೆಯ ಕೋಣೆಯಲ್ಲಿ ಕೂತಿದ್ದರೂ ವಾಸನೆ ಬರುವುದು ಅದಕ್ಕೇ. ಕೆಲವರಿಗೆ ಹುಟ್ಟಿನಿಂದಲೇ ಕಂಕುಳಿನ ವಾಸನೆ ತೀರಾ ಕಡಿಮೆ. ಎಬಿಸಿಸಿ11 ಅನ್ನುವ ಜೀನ್‌ನ ಒಂದು ರೂಪ ಇದಕ್ಕೆ ಕಾರಣ. ಅಂಥವರ ಕಿವಿಯ ಗುಗ್ಗೆಯೂ ಒಣಗಿ ಪುಡಿಪುಡಿಯಾಗಿರುತ್ತದೆ. ಪೂರ್ವ ಏಷ್ಯಾದಲ್ಲಿ ಇಂಥವರು ಬಹಳ.

ಬೆವರನ್ನೇ ಕಡಿಮೆ ಮಾಡುವುದು ಆಂಟಿಪರ್ಸ್ಪಿರೆಂಟ್. ಅದರ ಅಲ್ಯೂಮಿನಿಯಂ ಲವಣಗಳು ಬೆವರಿನ ನಾಳದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಡಿಯೋಡರೆಂಟ್ ವಾಸನೆಯನ್ನು ಮಾತ್ರ ತಡೆಯುತ್ತದೆ. ನಾನು ಮುಂದೆ ಹೇಳುವ ವಸ್ತುಗಳೆಲ್ಲ ಎರಡನೇ ಜಾತಿಯವು. ಕಂಕುಳು ಒದ್ದೆಯಾಗಿಯೇ ಆಗುತ್ತದೆ. ಎಷ್ಟೋ ಜನ ಒದ್ದೆ ಕಂಡ ಕೂಡಲೇ ಇದು ಕೆಲಸ ಮಾಡ್ತಿಲ್ಲ ಅಂತ ಬಿಟ್ಟುಬಿಡುತ್ತಾರೆ.

ನನ್ನ ಅನುಭವದಲ್ಲಿ ಹಚ್ಚುವುದಕ್ಕಿಂತ ತೊಳೆಯುವುದೇ ದೊಡ್ಡ ಕೆಲಸ. ಕಂಕುಳಿಗೆ ಸೋಪು ಹಚ್ಚಿ ತಕ್ಷಣ ನೀರು ಸುರಿದರೆ ಸಾಲದು. ನಾನು ಬೆರಳಿನಿಂದ ಚೆನ್ನಾಗಿ ಉಜ್ಜಿ, ಸೋಪಿನ ಜಿಡ್ಡು ಪೂರ್ತಿ ಹೋಗುವವರೆಗೆ ತೊಳೆಯುತ್ತೇನೆ. ಆಮೇಲೆ ಟವೆಲಿನಿಂದ ಒತ್ತಿ ಒರೆಸಿ, ಗಾಳಿಗೆ ಸ್ವಲ್ಪ ಹೊತ್ತು ಬಿಡುತ್ತೇನೆ. ಒಣಗದ ಚರ್ಮದ ಮೇಲೆ ಬಟ್ಟೆ ಹಾಕಿಕೊಂಡರೆ ಬ್ಯಾಕ್ಟೀರಿಯಾಗೆ ನಾವೇ ಜಾಗ ಮಾಡಿಕೊಟ್ಟಂತೆ, ಅಲ್ವಾ? ಕೂದಲನ್ನೂ ಚಿಕ್ಕದಾಗಿ ಕತ್ತರಿಸಿಕೊಳ್ಳುತ್ತೇನೆ. ಕೂದಲು ಕಡಿಮೆ ಇದ್ದರೆ ಸೋಪು, ನೀರು ಚರ್ಮಕ್ಕೆ ಸರಿಯಾಗಿ ತಾಗುತ್ತವೆ.

ಇನ್ನು ಬಟ್ಟೆ. ಮೈ ಎಷ್ಟೇ ಶುಚಿಯಾಗಿದ್ದರೂ ಅಂಗಿಯಲ್ಲಿ ಹಳೆಯ ನಾತ ಉಳಿದಿದ್ದರೆ ಮೈಬಿಸಿ ತಾಗಿದ ಕೂಡಲೇ ಅದು ಎದ್ದು ಬರುತ್ತದೆ. ಪಾಲಿಯೆಸ್ಟರ್‌ನಲ್ಲಿ ಇದು ಜಾಸ್ತಿ. ಆ ನೂಲು ನೀರು ಹೀರುವುದಿಲ್ಲ, ಆದರೆ ಬೆವರಿನ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿಯಲ್ಲಿ ಇಷ್ಟು ತೊಂದರೆ ಇಲ್ಲ. ನಾನು ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ಒಗೆಯುತ್ತೇನೆ. ನಾತ ಹಿಡಿದ ಬಟ್ಟೆಯನ್ನು ಒಗೆಯುವ ಮುಂಚೆ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸುತ್ತೇನೆ. ವಿನೆಗರ್ ಮತ್ತು ಬ್ಲೀಚ್ ಎಂದಿಗೂ ಒಟ್ಟಿಗೆ ಸೇರಬಾರದು, ವಿಷದ ಕ್ಲೋರಿನ್ ಅನಿಲ ಹೊರಡುತ್ತದೆ. ಒಗೆದ ಮೇಲೆ ಬಟ್ಟೆ ಪೂರ್ತಿ ಒಣಗಬೇಕು, ಬಿಸಿಲಿದ್ದರೆ ಬಿಸಿಲಿನಲ್ಲಿ. ಇಷ್ಟು ಮಾಡಿದ ಮೇಲೆ ನನ್ನ ಅರ್ಧಕ್ಕರ್ಧ ತೊಂದರೆ ಕಳೆಯಿತು. ಬಟ್ಟೆಯ ಕಡೆ ಯಾರೂ ಗಮನ ಕೊಡುವುದಿಲ್ಲ. ನಾನಂತೂ ಎಲ್ಲರಿಗೂ ಮೊದಲು ಇದನ್ನೇ ಹೇಳುತ್ತೇನೆ.

ಈಗ ಹಚ್ಚುವ ವಸ್ತುಗಳು. ದಿನಬಳಕೆಗೆ ನನ್ನ ಆಯ್ಕೆ ಪಟಿಕ. ಸ್ನಾನ ಆದ ಮೇಲೆ ಕಲ್ಲನ್ನು ಒದ್ದೆ ಮಾಡಿ ಕಂಕುಳಿನ ಮೇಲೆ ನಾಲ್ಕೈದು ಸಲ ಎಳೆಯುತ್ತೇನೆ, ಹಾಗೇ ಆರಲು ಬಿಡುತ್ತೇನೆ. ಚರ್ಮ ಸ್ವಲ್ಪ ಬಿಗಿದಂತೆ ಆಗುತ್ತದೆ. ಪಟಿಕದ ನೀರಿಗೆ ಹುಳಿ ಗುಣ ಇದೆ. ನಾತ ಹುಟ್ಟಿಸುವ ಬ್ಯಾಕ್ಟೀರಿಯಾ ಅದರಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ಕೂದಲು ತೆಗೆದ ದಿನ ಮಾತ್ರ ಹಚ್ಚುವುದಿಲ್ಲ, ಉರಿಯುತ್ತದೆ. ಬಳಸಿದ ಮೇಲೆ ಕಲ್ಲನ್ನು ತೊಳೆದು ಒರೆಸಿ ಇಡಬೇಕು, ನೀರಿನಲ್ಲಿ ಬಿಟ್ಟರೆ ಕರಗಿ ಹೋಗುತ್ತದೆ. ಒಂದು ಮಾತು. ಪಟಿಕದ ಮೇಲೆ ಅಲ್ಯೂಮಿನಿಯಂ ಇಲ್ಲ ಅಂತ ಬರೆದು ಮಾರುವವರಿದ್ದಾರೆ. ಪಟಿಕವೇ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಅಲ್ಯೂಮಿನಿಯಂ ಬೇಡವೇ ಬೇಡ ಅನ್ನುವವರಿಗೆ ಇದು ಹೇಳಿದ್ದಲ್ಲ.

ಅಂಥವರು ಮಿಲ್ಕ್ ಆಫ್ ಮೆಗ್ನೀಷಿಯಾ ನೋಡಬಹುದು. ಹೊಟ್ಟೆಯ ತೊಂದರೆಗೆ ಕುಡಿಯುವ ಅದೇ ಬಿಳಿ ದ್ರವ. ಬಣ್ಣ, ರುಚಿ ಸೇರಿಸದ ಸಾದಾ ಬಾಟಲಿ ಬೇಕು. ಕೆಲವು ಹನಿ ಅಂಗೈಗೆ ಹಾಕಿಕೊಂಡು ತೆಳ್ಳಗೆ ಸವರಿ, ಒಣಗಿದ ಮೇಲೆ ಅಂಗಿ ಹಾಕಿಕೊಳ್ಳಬೇಕು. ದಪ್ಪ ಹಚ್ಚಿದರೆ ಕಪ್ಪು ಬಟ್ಟೆಗೆ ಬಿಳಿ ಪುಡಿ ಉದುರುತ್ತದೆ. ಇದು ಕ್ಷಾರ, ಪಟಿಕ ಹುಳಿ. ಹಾಗಾಗಿ ಎರಡನ್ನೂ ಒಟ್ಟಿಗೆ ಹಚ್ಚಬಾರದು, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಎಲ್ಲರೂ ಹೇಳುವ ಅಡುಗೆ ಸೋಡಾವನ್ನು ನಾನು ಶಿಫಾರಸು ಮಾಡುವುದಿಲ್ಲ. ಆರೋಗ್ಯವಾದ ಚರ್ಮದ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ) ಸುಮಾರು 5ರ ಆಸುಪಾಸು. ಸೋಡಾ ಬೆರೆಸಿದ ನೀರಿನದು 8ಕ್ಕಿಂತ ಮೇಲೆ. ಸೋಡಾ ನಾತವನ್ನು ಚೆನ್ನಾಗಿಯೇ ತಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ದಿನವೂ ಹಚ್ಚುತ್ತಾ ಹೋದರೆ ಚರ್ಮದ ಹುಳಿ ಪದರ ಹಾಳಾಗುತ್ತದೆ. ನನಗೆ ದದ್ದು ಎದ್ದು, ಚರ್ಮ ಒರಟಾಗಿ ಕಪ್ಪಾಯಿತು. ನಿಂಬೆರಸ ಹಚ್ಚುವುದೂ ಬೇಡ. ನಿಂಬೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಬರಬಹುದು.

ಕ್ರೀಮ್ ಬೇಕು ಅನ್ನಿಸಿದಾಗ ನಾನೇ ಮಾಡಿಕೊಳ್ಳುತ್ತೇನೆ. ಎರಡು ಚಮಚ ಕೊಬ್ಬರಿ ಎಣ್ಣೆ, ಎರಡು ಚಮಚ ಕಾರ್ನ್‌ಫ್ಲೋರ್, ಅರ್ಧ ಚಮಚ ಜಿಂಕ್ ಆಕ್ಸೈಡ್. ಎಣ್ಣೆಯ ಲಾರಿಕ್ ಆಮ್ಲಕ್ಕೂ ಜಿಂಕ್‌ಗೂ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ, ಕಾರ್ನ್‌ಫ್ಲೋರ್ ಪಸೆ ಹೀರುತ್ತದೆ. ಅಂದಹಾಗೆ, 1888ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಂದ 'ಮಮ್' ಅನ್ನುವ ಹಳೆಯ ಡಿಯೋಡರೆಂಟ್ ಕೂಡ ಜಿಂಕ್ ಹಾಕಿದ ಕ್ರೀಮೇ. ಜಿಂಕ್ ಪುಡಿ ಕಲಸುವಾಗ ಮೂಗು, ಬಾಯಿ ಮುಚ್ಚಿಕೊಳ್ಳಿ. ಸುಮಾರು 25 ಡಿಗ್ರಿ ದಾಟಿದರೆ ಕೊಬ್ಬರಿ ಎಣ್ಣೆ ಕರಗುತ್ತದೆ, ಆಗ ಕ್ರೀಮನ್ನು ಮತ್ತೆ ಕಲಸಿ ಬಳಸುತ್ತೇನೆ. ಕಡಲೆಕಾಳಿನಷ್ಟು ಸಾಕು, ಜಾಸ್ತಿಯಾದರೆ ಅಂಗಿಗೆ ಎಣ್ಣೆ ಕಲೆ. ಟೀ ಟ್ರೀ ಎಣ್ಣೆಯಂಥವನ್ನು ನಾನು ಹಾಕುವುದಿಲ್ಲ. ಹಳೆಯದಾಗಿ ಗಾಳಿಗೆ ಕೆಟ್ಟ ಟೀ ಟ್ರೀ ಎಣ್ಣೆ ಅಲರ್ಜಿ ತರುವುದು ಹೆಚ್ಚು.

ಯಾವುದನ್ನೇ ಆಗಲಿ, ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ. ಆಂಟಿಪರ್ಸ್ಪಿರೆಂಟ್ ಬಿಟ್ಟ ಹೊಸದರಲ್ಲಿ ಬೆವರು ಮರಳುತ್ತದೆ, ಕಂಕುಳಿನ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸ್ವಲ್ಪ ಕಾಲ ವಾಸನೆ ಜೋರು ಅನ್ನಿಸಬಹುದು. ಕೆಲವರು ಇದನ್ನು ವಿಷ ಹೊರಹೋಗುವುದು ಅಂತ ಕರೆಯುತ್ತಾರೆ. ಅದು ನಿಜವಲ್ಲ. ಆ ಕೆಲಸ ಲಿವರ್, ಕಿಡ್ನಿಗಳದ್ದು. ವಾಸನೆ ಇದ್ದಕ್ಕಿದ್ದಂತೆ ಬದಲಾದರೆ, ಮೀನಿನ ಥರ ಅಥವಾ ಹಣ್ಣಿನ ಥರ ನಾತ ಬಂದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ಮನೆಮದ್ದು ಬಿಟ್ಟು ವೈದ್ಯರ ಹತ್ತಿರ ಹೋಗಿ.

ದಿನವಿಡೀ ಹೊರಗಿರುವಾಗ ನಾನು ಬ್ಯಾಗಿನಲ್ಲಿ ಒಂದು ಚಿಕ್ಕ ಹತ್ತಿ ಬಟ್ಟೆ ಇಟ್ಟುಕೊಳ್ಳುತ್ತೇನೆ. ಮಧ್ಯಾಹ್ನ ಅದನ್ನು ನೀರಿನಲ್ಲಿ ಅದ್ದಿ ಕಂಕುಳು ಒರೆಸಿ, ಒಣಗಿಸಿ, ಆಮೇಲೆ ಪಟಿಕ ಹಚ್ಚುತ್ತೇನೆ. ಬೆವರಿನ ಮೇಲೇ ಹಚ್ಚಿದರೆ ಏನೂ ಪ್ರಯೋಜನವಿಲ್ಲ.